ಬೆಳಗಾವಿಯಿಂದ ಮುಲುಂಡಿಗೆ: ನನ್ನ ಹೋಮರ್‌ಗಳಿಗೆ ಘಟ್ಟ ಕಲಿಸಿದ್ದು ಹೀಗೆ

ಬೆಳಗಾವಿಯಲ್ಲಿ ಬೆಳಿಗ್ಗೆ ಬಿಟ್ಟ ಹೋಮರ್, ಅಂದರೆ ದೂರದಿಂದ ಬಿಟ್ಟರೂ ತನ್ನ ಗೂಡಿಗೆ ಮರಳುವ ಪಾರಿವಾಳ, ಅದೇ ದಿನ ಮುಂಬೈ ಸೇರುವುದಿಲ್ಲ, ಘಟ್ಟವೇ ನುಂಗಿಬಿಡುತ್ತದೆ ಎಂದು ಮೂಗು ಮುರಿದವರು ಈಗ ಫೋನ್ ಮಾಡಿ ದಾರಿ ಕೇಳುತ್ತಿದ್ದಾರೆ. ಈ ಫೆಬ್ರವರಿಯಲ್ಲಿ ಬೆಳಗಾವಿಗೆ ಕಳಿಸಿದ್ದು ಹತ್ತು ಹನ್ನೆರಡು ಹಕ್ಕಿ. ಮೊದಲನೆಯದು ಮಧ್ಯಾಹ್ನ ಎರಡೂಕಾಲಿನ ಸುಮಾರಿಗೆ ಮುಂಬೈಯ ಮುಲುಂಡಿನಲ್ಲಿರುವ ನನ್ನ ಲಾಫ್ಟ್‌ಗೆ (ಹಕ್ಕಿಗೂಡಿಗೆ) ಇಳಿಯಿತು. ಸಂಜೆಯೊಳಗೆ ಏಳೋ ಎಂಟೋ ಬಂದವು, ಮಾರನೆಯ ದಿನ ಇನ್ನೆರಡು. ನೇರ ಗೆರೆಯಲ್ಲಿ ಅದು 400 ಕಿ.ಮೀ. ಆಸುಪಾಸು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಮ್ಮೆ ಬರೆದೇ ಬಿಡೋಣ ಅನ್ನಿಸಿತು.

ಲಾಫ್ಟ್ ಹೇಗಿರಬೇಕು, ಕಾಲಿಗೆ ಗುರುತಿನ ಬಳೆ ಯಾವಾಗ ತೊಡಿಸಬೇಕು, ಒಳಗೆ ಮಾತ್ರ ಬಿಡುವ ಬಾಗಿಲಾದ ಟ್ರ್ಯಾಪ್‌ಗೆ ಮರಿಗಳನ್ನು ಹೇಗೆ ರೂಢಿಸಬೇಕು ಎಂಬುದನ್ನೆಲ್ಲ ಬರೆಯುವುದಿಲ್ಲ. ಇದನ್ನು ಓದುವವರಿಗೆ ಅದೆಲ್ಲ ಕರತಲಾಮಲಕ.

ನನಗೆ ಪರಿಚಯವಿರುವ ಮುಂಬೈ ಗೆಳೆಯರೆಲ್ಲ ಹಾರಿಸುವುದು ಉತ್ತರದ ಲೈನ್, ಅಂದರೆ ಹಕ್ಕಿ ಬಿಡುವುದು ಉತ್ತರದ ಊರುಗಳಿಂದ. ಪಾಲ್ಘರ್, ವಾಪಿ, ಸೂರತ್, ಭರೂಚ್. ಕರಾವಳಿ ಪಕ್ಕಕ್ಕೇ ಇರುತ್ತದೆ, ನೆಲ ಸಪಾಟು, ಹಕ್ಕಿಗೆ ಏರಿಳಿತವಿಲ್ಲ. ಒಳ್ಳೆಯ ಲೈನ್, ನಾನೇನೂ ಅಲ್ಲಗಳೆಯುವುದಿಲ್ಲ. ಆದರೆ ನನ್ನವರೆಲ್ಲ ಇರುವುದು ಬೆಳಗಾವಿಯಲ್ಲಿ. ತಿಂಗಳಿಗೊಮ್ಮೆಯಾದರೂ ಮನೆಯಿಂದ ಯಾರೋ ಒಬ್ಬರು ಅತ್ತ ಹೋಗುವವರು ಇದ್ದೇ ಇರುತ್ತಾರೆ. ಅಲ್ಲಿ ಬುಟ್ಟಿ ತೆರೆಯಲು ನನ್ನ ಭಾವಮೈದುನ ಇದ್ದಾನೆ, ಹಕ್ಕಿಯ ಮೇಲೆ ನನ್ನಷ್ಟೇ ಪ್ರೀತಿ ಅವನಿಗೂ. ಸೂರತ್‌ನಲ್ಲಿ ಬುಟ್ಟಿ ತೆರೆಯುವವನನ್ನು ದುಡ್ಡು ಕೊಟ್ಟು ಹುಡುಕಬೇಕು.

ಮೊದಲ ಕೆಲವು ಸೀಸನ್ ಎಲ್ಲರೂ ಮಾಡುವ ಹಾಗೆ ವಾಹನ ಹೋಗುವ ದಾರಿಯಲ್ಲೇ ಟಾಸ್ ಕೊಟ್ಟೆ, ಅಂದರೆ ಬುಟ್ಟಿಯಲ್ಲಿ ಒಯ್ದು ಬಿಟ್ಟು ತರಬೇತಿ ಕೊಟ್ಟೆ: ಪನ್ವೇಲ್, ಖೋಪೋಲಿ, ಲೋಣಾವಳ, ಪುಣೆ, ಸಾತಾರ. ಖೋಪೋಲಿಯವರೆಗೆ ಎಲ್ಲ ಸುಸೂತ್ರ. ಲೋಣಾವಳದಿಂದ ಒಂದೆರಡು ತಡವಾಗಿ ಬರುತ್ತಿದ್ದವು. ಪುಣೆ ಅಂದರೆ ಪಾಲಿಗೆ ಬಂದದ್ದೇ ಲಾಭ. ಅಲ್ಲಿ ಮಾಳಿಗೆ ಮಾಳಿಗೆಗೂ ಗಿರೆಬಾಜ್ ಎಂಬ ಬೇರೆ ಜಾತಿಯ ಪಾರಿವಾಳ ಹಾರಿಸುವವರಿದ್ದಾರೆ, ಸುಸ್ತಾದ ಹೋಮರ್ ಅವರ ಗುಂಪಿನ ಜೊತೆ ಇಳಿದರೆ ಮುಗಿಯಿತು. ಬಳೆ ಕತ್ತರಿಸಿದರೆ ಆ ಹಕ್ಕಿ ಯಾರದೂ ಅಲ್ಲ. ಎರಡು ಮೂರು ಸಲ ಫೋನ್ ಬಂತು, ಐನೂರು, ಸಾವಿರ ಕೊಟ್ಟು ಬಿಡಿಸಿಕೊಂಡು ಬಂದೆ. ಉಳಿದವುಗಳ ಪತ್ತೆಯೇ ಇಲ್ಲ.

ಆ ಸೀಸನ್‌ಗಳ ಲೆಕ್ಕ ಈಗಲೂ ಹೊಟ್ಟೆ ಉರಿಸುತ್ತದೆ. ಒಳ್ಳೆಯ ತಳಿಯ ಮರಿಗೆ ಆಗ ಒಂದೂವರೆ ಎರಡು ಸಾವಿರ, ಬೆಲ್ಜಿಯಂನ ಹೆಸರಾಂತ ಜಾನ್ಸೆನ್ ತಳಿಯ ರಕ್ತದ ಜೋಡಿ ಎಂದು ಹೇಳಿಕೊಂಡು ಮಾರುವವರು ಹದಿನೈದು ಸಾವಿರಕ್ಕೆ ಕಡಿಮೆ ಮಾತಾಡುವುದಿಲ್ಲ. ಎಲ್ಲ ಸೇರಿಸಿದರೆ ಮೂವತ್ತಕ್ಕೂ ಹೆಚ್ಚು ಹಕ್ಕಿ ಹೋದವು, ದುಡ್ಡಿನಲ್ಲಿ ಅರವತ್ತು ಎಪ್ಪತ್ತು ಸಾವಿರ. ಅದರ ಮೇಲೆ ಕಾಳು. ನಲವತ್ತು ಹಕ್ಕಿಗೆ ದಿನಕ್ಕೆ ಒಂದೂಕಾಲು ಕಿಲೋ ಕಾಳು ಬೇಕೇ ಬೇಕು. ಸಜ್ಜೆ, ಜೋಳ, ಗೋವಿನಜೋಳ, ಬಟಾಣಿ, ಕುಸುಬೆ ಎಲ್ಲ ಬೆರೆಸಿದರೆ ತಿಂಗಳಿಗೆ ಎರಡು ಸಾವಿರಕ್ಕೆ ಸ್ವಲ್ಪ ಮೇಲೆಯೇ. ಒಮ್ಮೆ ಸಾಗಿಸುವವನೊಬ್ಬ ಬುಟ್ಟಿಯನ್ನು ಬಸ್ಸಿನ ತಗಡಿನ ಮೇಲೆ ಬಿಸಿಲಿನಲ್ಲಿ ಇಟ್ಟುಬಿಟ್ಟ. ತೆರೆದಾಗ ನಾಲ್ಕು ಸತ್ತಿದ್ದವು. ಬುಟ್ಟಿಯ ಬಾಡಿಗೆ ಮಾತ್ರ ಪೂರ್ತಿ ಕೇಳಿದ. ಅವತ್ತಿನಿಂದ ಗುರುತಿನವರ ಕೈಯಲ್ಲಲ್ಲದೆ ನನ್ನ ಹಕ್ಕಿ ಎಲ್ಲಿಗೂ ಹೋಗಿಲ್ಲ.

ಆಮೇಲೊಂದು ಮಳೆಗಾಲ. ಹಕ್ಕಿಗಳು ಪುಕ್ಕ ಉದುರಿಸುತ್ತ ಕೂತಿದ್ದವು, ನನಗೂ ಬೇರೆ ಕೆಲಸವಿರಲಿಲ್ಲ. ಫೋನಿನ ಮ್ಯಾಪ್‌ನಲ್ಲಿ ಬೆಳಗಾವಿಯಿಂದ ಮುಲುಂಡಿಗೆ ಒಂದು ನೇರ ಗೆರೆ ಎಳೆದೆ. ಪುಣೆ ಆ ಗೆರೆಯಿಂದ 60 ಕಿ.ಮೀ. ಪೂರ್ವಕ್ಕಿದೆ! ಲೋಣಾವಳ ಕೂಡ 25 ಕಿ.ಮೀ. ಆಚೆ. ಗೆರೆ ಹೋಗುವುದು ಕೊಲ್ಲಾಪುರದ ಪಶ್ಚಿಮಕ್ಕೆ, ಪಾಟಣ್ ಹತ್ತಿರ, ಮಹಾಬಳೇಶ್ವರದ ಪಕ್ಕದಲ್ಲಿ, ಪೋಲಾದ್‌ಪುರದ ನೆತ್ತಿಯ ಮೇಲೆ. ಅಲ್ಲಿಂದ ಮಹಾಡ್, ಪೇಣ್, ಪನ್ವೇಲ್. ಅಂದರೆ ಕೊನೆಯ 140 ಕಿ.ಮೀ. ಪೂರ್ತಿ ಮುಂಬೈ-ಗೋವಾ ಹೆದ್ದಾರಿಯ ಮಗ್ಗುಲಲ್ಲೇ. ನಾವು ಪುಣೆ ರಸ್ತೆಯಲ್ಲಿ ತರಬೇತಿ ಕೊಟ್ಟು, ಹಕ್ಕಿ ಇನ್ನೊಂದು ದಾರಿಯಲ್ಲಿ ಘಟ್ಟ ಇಳಿಯಬೇಕು ಅಂದರೆ ಅದು ಎಲ್ಲಿ ಕಲಿಯುತ್ತದೆ?

ಇದನ್ನು ಹೇಳಿದಾಗ ಗೆಳೆಯರು ನಕ್ಕರು. ಪೋಲಾದ್‌ಪುರದ ಬಂಡೆಗಳಲ್ಲಿ ಶಾಹೀನ್ ಗಿಡುಗ ಕೂತಿರುತ್ತದೆ, ಅದರ ಬಾಯಿಗೆ ಹಕ್ಕಿ ಹಾಕುತ್ತಿದ್ದೀಯ ಅಂದರು. ಶಾಹೀನ್ ಇರುವುದು ನಿಜ. ಹಾಗಂತ ಲೋಣಾವಳದ ಬಂಡೆಗಳಲ್ಲೇನು ಇಲ್ಲವೇ?

ದಸರಾ ಮುಗಿದು ಪುಕ್ಕ ಪೂರ್ತಿ ಬಂದ ಮೇಲೆ ಶುರು ಮಾಡಿದೆ. ಪನ್ವೇಲ್ 25 ಕಿ.ಮೀ., ಪೇಣ್ 50, ಮಾಣ್‌ಗಾಂವ್ 110, ಮಹಾಡ್ 130. ಪೇಣ್‌ನಲ್ಲಿ ಮೂರ್ನಾಲ್ಕು ಸಲ, ಮಹಾಡ್‌ನಲ್ಲಿ ಅದಕ್ಕಿಂತ ಹೆಚ್ಚು. ಕೊಂಕಣದ ಹೊಂಡದಲ್ಲಿ ನವೆಂಬರ್, ಡಿಸೆಂಬರ್ ಬೆಳಿಗ್ಗೆ ಮಂಜು ಗಟ್ಟಿ. ಹಾಗಾಗಿ ಆರೂವರೆಗೆ ಬುಟ್ಟಿ ತೆರೆಯುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಒಂಬತ್ತರ ಮುಂಚೆ ನಾನು ಬಿಡಿಸುವುದಿಲ್ಲ. ನದಿಯ ಆಚೆ ದಡದ ಗುಡ್ಡದ ಮರಗಳು ಬಿಡಿಬಿಡಿಯಾಗಿ ಕಾಣಬೇಕು, ಅದೇ ನನ್ನ ಗುರುತು.

ಮಹಾಡ್‌ನಿಂದ ಎಲ್ಲವೂ ಎರಡು ಎರಡೂವರೆ ಗಂಟೆಯಲ್ಲಿ ಬರತೊಡಗಿದ ಮೇಲೆ ಘಟ್ಟ. ನನ್ನ ಪದ್ಧತಿಯ ಜೀವ ಇರುವುದು ಇಲ್ಲಿ. ಘಟ್ಟವನ್ನು ಒಂದೇ ಜಿಗಿತಕ್ಕೆ ದಾಟಿಸಬಾರದು. ಮೊದಲು ಬುಡ, ಅಂದರೆ ಪೋಲಾದ್‌ಪುರ. ಆಮೇಲೆ ಅಂಬೆನಳಿ ಘಾಟಿನ ಅರ್ಧ. ಆಮೇಲೆ ಮಹಾಬಳೇಶ್ವರ, ಅಲ್ಲಿ 1350 ಮೀಟರ್ ಎತ್ತರ. ಬುಡದಿಂದ ತುದಿಗೆ ನೇರ ಲೆಕ್ಕದಲ್ಲಿ ಹದಿನೈದೇ ಕಿ.ಮೀ. ಹೆಚ್ಚು, ಆದರೆ ಹಕ್ಕಿಗೆ ಅದು ಬೇರೆಯೇ ಲೋಕ. ಬುಡದಲ್ಲಿ ಬಿಟ್ಟಾಗ ಅದಕ್ಕೆ ಎದುರಿಗೆ ಕೊಂಕಣ ಕಾಣುತ್ತದೆ. ತುದಿಯಲ್ಲಿ ಬಿಟ್ಟಾಗ ಕೆಳಗೆ ಬರೀ ಗಾಳಿ, ಹಿಂದೆ ಬಯಲು, ಸುಲಭವಾಗಿ ಹಿಂದಕ್ಕೆ ತಿರುಗಿಬಿಡುತ್ತದೆ. ಮಹಾಬಳೇಶ್ವರದ ಮೊದಲ ಟಾಸ್‌ನಲ್ಲಿ ಗುಂಪು ಇಪ್ಪತ್ತು ನಿಮಿಷ ಸುತ್ತಿತು ಎಂದು ಡ್ರೈವರ್ ಹೇಳಿದ. ನಾಲ್ಕನೆಯದೋ ಐದನೆಯದೋ ಬಾರಿಗೆ ಎರಡು ಸುತ್ತು, ಅಷ್ಟೇ. ಆಗಲೇ ಗೊತ್ತಾಯಿತು, ಇವು ಕಲಿತವು ಎಂದು.

ಅರ್ಧ ಘಾಟಿನಲ್ಲಿ ಎಲ್ಲಿ ನಿಲ್ಲಿಸುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಆ ಜಾಗ ಹುಡುಕಲು ನನಗೆ ಎರಡು ಚಳಿಗಾಲ ಬೇಕಾಯಿತು.

ಡ್ರೈವರ್ ಅಂದೆನಲ್ಲ, ಅದನ್ನೂ ಹೇಳಬೇಕು. ಸ್ವಂತ ಕಾರು ತೆಗೆದುಕೊಂಡು ಮಹಾಬಳೇಶ್ವರಕ್ಕೆ ಹೋಗಿ ಬಂದರೆ ಪೆಟ್ರೋಲು, ಟೋಲು, ಊಟ ಎಂದು ಐದು ಸಾವಿರ ಕೈಬಿಡುತ್ತದೆ. ವಾರಕ್ಕೊಂದು ಟಾಸ್ ಅಂದರೆ ಮನೆಯಲ್ಲಿ ಜಗಳ ಖಾತ್ರಿ. ನನಗೆ ದಾರಿ ತೋರಿಸಿದ್ದು ಸ್ಟ್ರಾಬೆರಿ. ನವೆಂಬರ್‌ನಿಂದ ಮಾರ್ಚ್ ಕಳೆಯುವವರೆಗೆ ಮಹಾಬಳೇಶ್ವರದ ಪಿಕಪ್‌ಗಳು ರಾತ್ರಿ ಹಣ್ಣು ತುಂಬಿಕೊಂಡು ನವಿ ಮುಂಬೈಯ ವಾಶಿ ಮಾರ್ಕೆಟ್‌ಗೆ ಬರುತ್ತವೆ, ಇಳಿಸಿ ಖಾಲಿ ವಾಪಸ್ ಹೋಗುತ್ತವೆ. ನಮ್ಮ ಸೀಸನ್ನೂ ಅದೇ! ಬೆಳಗಿನ ಜಾವ ವಾಶಿಗೆ ಬುಟ್ಟಿ ಒಯ್ದು ಕೊಟ್ಟರೆ ಒಂಬತ್ತೂವರೆ ಹತ್ತಕ್ಕೆ ಘಾಟಿನಲ್ಲಿರುತ್ತದೆ. ಮುನ್ನೂರು ರೂಪಾಯಿ ಕೊಡುತ್ತೇನೆ. ಬಿಡುವಾಗ ವಿಡಿಯೋ ಮಾಡಿ ವಾಟ್ಸಾಪ್‌ಗೆ ಹಾಕಬೇಕು, ಆಕಾಶ ಕಾಣಬೇಕು, ಅದೊಂದೇ ಶರತ್ತು. ಖಾಲಿ ಬುಟ್ಟಿ ಮುಂದಿನ ಟ್ರಿಪ್‌ನಲ್ಲಿ ಬರುತ್ತದೆ. ಒಮ್ಮೊಮ್ಮೆ ಅದರೊಳಗೆ ಒಂದು ಡಬ್ಬಿ ಹಣ್ಣೂ ಇರುತ್ತದೆ.

ಬುಟ್ಟಿ ಬಿದಿರಿನದೇ ಇರಲಿ. ಪ್ಲಾಸ್ಟಿಕ್ ಕ್ರೇಟ್ ಒಳಗೆ ಬೆವರುತ್ತದೆ. ಕೆಳಗೆ ಗೋಣಿ, ಅದರ ಮೇಲೆ ಭತ್ತದ ಹೊಟ್ಟು. ಹದಿನೈದು ಹಿಡಿಯುವ ಬುಟ್ಟಿಗೆ ಹತ್ತೇ ಹಾಕಿ. ಇಕ್ಕಟ್ಟಿನಲ್ಲಿ ರಾತ್ರಿಯೆಲ್ಲ ಕಾದಾಡಿದ ಹಕ್ಕಿ ಬೆಳಿಗ್ಗೆ ಹಾರುವ ಮೊದಲೇ ಸೋತಿರುತ್ತದೆ. ಗಂಡು ಹೆಣ್ಣು ಬೇರೆ ಬೇರೆ.

ಮಹಾಬಳೇಶ್ವರ ಪಕ್ಕಾ ಆದ ಮೇಲೆ ಪಾಟಣ್ 220, ಕೊಲ್ಲಾಪುರ 300, ಕೊನೆಗೆ ಬೆಳಗಾವಿ. ಇಲ್ಲಿ ಹೆಚ್ಚು ಹೇಳುವುದೇನಿಲ್ಲ. ಘಟ್ಟ ಕಲಿತ ಹಕ್ಕಿಗೆ ಆಚೆಯ ಬಯಲು ದೊಡ್ಡದಲ್ಲ, ಒಂದೊಂದೇ ಟಾಸ್ ಸಾಕಾಯಿತು. ಬೆಳಗಾವಿಗೆ ರಾತ್ರಿ ರೈಲಿನಲ್ಲಿ ನಮ್ಮವರ ಜೊತೆ ಹೋದವು. ಬಂದ ಕೂಡಲೇ ಬಿಡಬಾರದು ಎಂದು ಭಾವಮೈದುನನಿಗೆ ಕಟ್ಟುನಿಟ್ಟು ಹೇಳಿದ್ದೆ. ಒಂದು ಹಗಲು, ಒಂದು ರಾತ್ರಿ ವಿಶ್ರಾಂತಿ, ನೀರು, ಸಂಜೆ ಹಗುರ ಕಾಳು. ಆ ಕಾಳಿನಲ್ಲಿ ಏನು ಬೆರೆಸಿರುತ್ತೇನೆ ಎಂಬುದು ನನ್ನ ಮತ್ತು ಅವನ ನಡುವೆ ಇರಲಿ. ಬೆಳಿಗ್ಗೆ ಏಳರ ಮೇಲೆ, ಬಿಸಿಲು ನೆಲ ಮುಟ್ಟಿದಾಗ ಬಿಟ್ಟ. ಹಾಗೆ ಬಿಟ್ಟರೆ ಹನ್ನೊಂದರ ಹೊತ್ತಿಗೆ ಘಟ್ಟದ ಅಂಚಿಗೆ ಬರುತ್ತವೆ, ಮಂಜು ಆಗ ಕರಗಿರುತ್ತದೆ. ಕಷ್ಟ ಇರುವುದು ಆಮೇಲೆ. ಮಧ್ಯಾಹ್ನ ಕೊಂಕಣದಲ್ಲಿ ಸಮುದ್ರದ ಗಾಳಿ ಎದ್ದು ಎದುರಿನಿಂದ, ಎಡಗಡೆಯಿಂದ ಹೊಡೆಯುತ್ತದೆ. ಕೊನೆಯ 140 ಕಿ.ಮೀ.ಗೆ ಅರ್ಧ ಮುಕ್ಕಾಲು ಗಂಟೆ ಅದೇ ತಿನ್ನುತ್ತದೆ. ಒಟ್ಟು ಸರಾಸರಿ ನಿಮಿಷಕ್ಕೆ 950 ಮೀಟರ್ ಬಂತು. ಉತ್ತರದ ಲೈನಿನವರಿಗೆ ಇದು ಕಡಿಮೆ ಅನ್ನಿಸಬಹುದು. ಅವರು ಒಮ್ಮೆ ಈ ಗಾಳಿಯಲ್ಲಿ, ಈ ಘಟ್ಟದಲ್ಲಿ ಹಾರಿಸಿ ನೋಡಲಿ.

ಮೊದಲು ಬಂದದ್ದು ನೀಲಿ ಪಟ್ಟೆಯ ಹೆಣ್ಣು, ಹತ್ತನೆಯ ದಿನದ ಮೊಟ್ಟೆ ಬಿಟ್ಟು ಹೋಗಿದ್ದವಳು. ಆಕಾಶದಲ್ಲಿ ಸುತ್ತಲಿಲ್ಲ. ನಾಹೂರ್ ಕಡೆಯಿಂದ ತಗ್ಗಿನಲ್ಲೇ, ರೆಕ್ಕೆ ಅರ್ಧ ಮಡಚಿ ಬಂದು ಹಲಗೆಗೆ ಬಡಿದಂತೆ ಇಳಿದು ಒಳಗೆ ಹೋದಳು. ಕೈಗೆತ್ತಿಕೊಂಡು ನೋಡಿದೆ: ಮೂಗಿನ ಮೇಲಿನ ಬಿಳಿ ಸುಣ್ಣ ಬೂದಿ ಬಣ್ಣಕ್ಕೆ ತಿರುಗಿತ್ತು, ಎದೆ ಎಲುಬು ಕೈಗೆ ಸಿಗುತ್ತಿತ್ತು, ಆದರೆ ಕಣ್ಣು ನಿಚ್ಚಳ, ಪಾದ ಬೆಚ್ಚಗೆ. ಬೆಲ್ಲ ಉಪ್ಪು ಹಾಕಿದ ನೀರು ಇಟ್ಟೆ. ನಾಲ್ಕು ಗುಟುಕು ಕುಡಿದು, ಕಾಳಿನ ಕಡೆ ನೋಡದೆ, ಗಂಡನ್ನು ಕೊಕ್ಕಿನಿಂದ ತಳ್ಳಿ ಮೊಟ್ಟೆ ಮೇಲೆ ಕೂತಳು. ಈ ಲೈನಿಗೆ ಹೆಣ್ಣೇ ಸರಿ ಎಂದು ನಾನು ಮೊದಲಿನಿಂದ ಹೇಳುತ್ತ ಬಂದಿದ್ದೇನೆ. ವಿಡೋಹುಡ್ ಗಂಡುಗಳು, ಅಂದರೆ ಜೋಡಿಯಿಂದ ಬೇರೆ ಇಟ್ಟು ಹಾರಿಸುವ ಗಂಡುಗಳು, 200 ಕಿ.ಮೀ. ತನಕ ಬಿರುಸು, ಆದರೆ ಘಟ್ಟದ ಅಂಚಿನಲ್ಲಿ ತಾಳ್ಮೆ ಬೇಕು. ಅವತ್ತು ಕಳಿಸಿದ ಗಂಡುಗಳು ಮೂರೋ ನಾಲ್ಕೋ, ಸಂಜೆಯೊಳಗೆ ಬಂದದ್ದು ಒಂದೇ.

ನಡುವೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳುತ್ತೇನೆ. ಗಿಡುಗ ಬೆದರಲಿ ಎಂದು ಬಾಲಕ್ಕೆ ಸಣ್ಣ ಗೆಜ್ಜೆ ಕಟ್ಟಿ ಮಹಾಡ್‌ನಿಂದ ಬಿಟ್ಟೆ. ಗಿಡುಗದ ವಿಷಯ ಗೊತ್ತಿಲ್ಲ, ಗೆಜ್ಜೆಯ ಹಕ್ಕಿಗಳು ಮಾತ್ರ ಇಪ್ಪತ್ತು ನಿಮಿಷ ತಡ. ಬಿಚ್ಚಿ ಹಾಕಿದೆ. ಇನ್ನೊಮ್ಮೆ ಅಲಿಬಾಗ್ ಪಕ್ಕದ ಮಾಂಡ್ವಾ ಜೆಟ್ಟಿಯಿಂದ ಬಿಟ್ಟೆ, ಅದು ಪೇಣ್‌ಗಿಂತ ಹತ್ತು ಕಿ.ಮೀ. ಹತ್ತಿರ. ಪೇಣ್‌ನಿಂದ ಮುಕ್ಕಾಲು ಗಂಟೆಯಲ್ಲಿ ಬರುವ ಹಕ್ಕಿಗಳೇ ಮಾಂಡ್ವಾದಿಂದ ಗಂಟೆಗೂ ಮೇಲೆ ತೆಗೆದುಕೊಂಡವು. ನೀರಿನ ಮೇಲೆ ಹಾರಲು ಹಿಂಜರಿದು ಉರಣ್ ಕಡೆಯಿಂದ ಸುತ್ತಿಬಂದವು ಎಂದೇ ನನ್ನ ಅಂದಾಜು. ಬಿಳಿ ಹಕ್ಕಿಯನ್ನು ಘಟ್ಟಕ್ಕೆ ಕಳಿಸುವುದನ್ನು ನಿಲ್ಲಿಸಿದ್ದೇನೆ. ನನ್ನಲ್ಲಿದ್ದ ಬಿಳಿಯವು ಒಂದೂ ಉಳಿಯಲಿಲ್ಲ, ನೀಲಿ ಮತ್ತು ಚೆಕ್ಕರ್ (ರೆಕ್ಕೆಯ ಮೇಲೆ ಚೌಕಳಿ ಇರುವವು) ಉಳಿದವು. ಹಕ್ಕಿ ಬಂದ ಹೊತ್ತನ್ನು ತಾನೇ ದಾಖಲಿಸುವ ಎಲೆಕ್ಟ್ರಾನಿಕ್ ಕ್ಲಾಕ್ ಬೆಲೆ ಕೇಳಿ ಬಿಟ್ಟುಬಿಟ್ಟೆ. ಆ ದುಡ್ಡಿಗೆ ಎರಡು ವರ್ಷದ ಕಾಳು ಬರುತ್ತದೆ.

ರೋಗದ ವಿಷಯದಲ್ಲಿ ಒಂದೇ ಮಾತು. ಸೀಸನ್‌ಗೆ ಮುಂಚೆ ಲಸೋಟಾ (ರಾಣಿಖೇತ್ ರೋಗದ ಲಸಿಕೆ) ಹನಿ, ಗಂಟಲಿಗೆ ಬರುವ ಕ್ಯಾಂಕರ್ ರೋಗಕ್ಕೆ ಮದ್ದು, ಮಳೆಗಾಲದಲ್ಲಿ ಸೊಳ್ಳೆ ಪರದೆ. ಸೊಳ್ಳೆ ಕಚ್ಚಿದರೆ ಮರಿಗಳಿಗೆ ಸಿಡುಬು ಗ್ಯಾರಂಟಿ, ಸಿಡುಬಾದ ಮರಿ ಆ ವರ್ಷ ಹಾರುವುದಿಲ್ಲ.

ನೆರೆಹೊರೆಯ ಮಾತು ಬೇರೆ. 2025ರ ಆಗಸ್ಟ್‌ನಲ್ಲಿ ಪಾರಿವಾಳಗಳಿಗೆ ಜನ ಕಾಳು ಹಾಕುತ್ತಿದ್ದ ದಾದರ್ ಕಬೂತರ್‌ಖಾನಾಕ್ಕೆ ತಾಡಪತ್ರಿ ಹೊದಿಸಿದ ಮೇಲೆ ಮುಂಬೈಯಲ್ಲಿ ಪಾರಿವಾಳ ಅಂದರೆ ಸಾಕು, ಜನ ಕೆಮ್ಮಲು ಶುರು ಮಾಡುತ್ತಾರೆ. ಅವರ ಭಯ ಸುಳ್ಳಲ್ಲ. ಹಿಕ್ಕೆಯ ಧೂಳು, ಪುಕ್ಕದ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮೊದಲು ಹಾಳಾಗುವುದು ಸಾಕುವವನದೇ. ಬೆಳಿಗ್ಗೆ ಸಂಜೆ ಎರಡು ಹೊತ್ತು ಕೆರೆದು ತೆಗೆಯುತ್ತೇನೆ, ನೀರು ಚಿಮುಕಿಸದೆ ಕೆರೆಯುವುದಿಲ್ಲ, ಮಾಸ್ಕ್ ಇಲ್ಲದೆ ಒಳಗೆ ಹೋಗುವುದಿಲ್ಲ. ಹೊರಗೆ ಒಂದು ಕಾಳು ಚೆಲ್ಲುವುದಿಲ್ಲ, ಬೀದಿ ಪಾರಿವಾಳ ಬಂದು ಕೂರಬಾರದು. ಕೆಳಗಿನ ಮನೆಯವರನ್ನು ಒಂದು ಭಾನುವಾರ ಮೇಲೆ ಕರೆದು ಎಲ್ಲ ತೋರಿಸಿದೆ. ಈಗ ಹಕ್ಕಿ ಬರುವ ದಿನ ಅವರ ಮಗಳೇ ಮೊದಲು ಟೆರೇಸಿಗೆ ಬರುತ್ತಾಳೆ.

ಮುಂದಿನ ಸೀಸನ್‌ಗೆ ಹುಬ್ಬಳ್ಳಿ, 480 ಕಿ.ಮೀ. ಆ ನೀಲಿ ಹೆಣ್ಣಿನ ಮರಿಗಳು ಆರೇಳು ಇವೆ, ಅವನ್ನು ಈ ವರ್ಷ ಮಹಾಬಳೇಶ್ವರ ದಾಟಿಸುವುದಿಲ್ಲ. ದೊಡ್ಡವು ಮಾತ್ರ ಹೋಗುತ್ತವೆ. ಫೆಬ್ರವರಿ ಮುಗಿಯುವುದರೊಳಗೆ ಮಾಡಿ ಮುಗಿಸಬೇಕು, ಮಾರ್ಚ್ ನಡುವಿನಿಂದ ಬಯಲಿನ ಬಿಸಿಲು ತಡೆಯುವಂಥದ್ದಲ್ಲ. ಮರಿ ಕೇಳಿ ಫೋನ್ ಮಾಡುವವರಿಗೆ ಈಗಲೇ ಹೇಳಿಬಿಡುತ್ತೇನೆ: ಆ ಜೋಡಿಯ ಮರಿ ಮಾರಾಟಕ್ಕಿಲ್ಲ. ಆದರೆ ಗೋವಾ ಹೆದ್ದಾರಿಯಲ್ಲಿ ಟಾಸ್ ಕೊಡುವ ಮನಸ್ಸಿದ್ದವರು ನವೆಂಬರ್‌ನಲ್ಲಿ ಬುಟ್ಟಿ ತಂದರೆ ನನ್ನ ಪಿಕಪ್‌ನಲ್ಲಿ ಜಾಗ ಇದೆ.