ಅಪ್ಪನ ಕಾಲು, ಅಮೆರಿಕದ ರೋಬೋಟ್, ನನ್ನ ಹನ್ನೊಂದು ದಿನ

ಅಮೆರಿಕದಲ್ಲಿ ಯಾರಿಗಾದರೂ ಲಕ್ವ ಹೊಡೆದು ಬಾಯಿ ಸೊಟ್ಟಗಾದರೆ ತುರ್ತು ನಂಬರ್ 911ಕ್ಕೆ ಫೋನ್ ಮಾಡಬೇಕು ಅಂತ ಇಲ್ಲಿರೋ ಎಲ್ಲರಿಗೂ ಗೊತ್ತು. ನಾನು ಹೇಳೋದು ಆಮೇಲಿನ ಕತೆ. ಮಂಡ್ಯದಿಂದ ನನ್ನ ಮನೆಗೆ ಬಂದ ನಮ್ಮಪ್ಪನಿಗೆ ಮೂರನೇ ವಾರಕ್ಕೇ ಲಕ್ವ ಹೊಡೆದು ಎಡಗಾಲು ಬಿತ್ತು. ಈ ವರ್ಷ ನಮ್ಮ ಕಡೆಯವರೇ ಇನ್ನಿಬ್ಬರು ನನ್ನ ಹಾಗೇ ಹಳ್ಳಕ್ಕೆ ಬಿದ್ದರು, ಅದಕ್ಕೇ ಬರೀತಿದ್ದೀನಿ.

ಇಲ್ಲಿ ಆಸ್ಪತ್ರೆ ಬೇರೆ, ಮತ್ತೆ ನಡೆಯೋದು-ಮಾತಾಡೋದು ಕಲಿಸೋ ರಿಹ್ಯಾಬ್ ಬೇರೆ. ಜೀವಕ್ಕೆ ಭಯವಿಲ್ಲ ಅಂತಾದ ಕೂಡಲೇ, ರೋಗಿಯನ್ನು ಮುಂದೆಲ್ಲಿಗೆ ಕಳಿಸಬೇಕು ಅಂತ ನೋಡಿಕೊಳ್ಳೋ ಆಸ್ಪತ್ರೆಯ ಕೇಸ್ ಮ್ಯಾನೇಜರ್ ಬಂದು 'ಮುಂದೆಲ್ಲಿಗೆ?' ಅಂತಾರೆ. ಅಡ್ಮಿಟ್ ಮಾಡಿಕೊಳ್ಳೋ ರಿಹ್ಯಾಬ್‌ನಲ್ಲಿ ಸಾಮಾನ್ಯವಾಗಿ ದಿನಕ್ಕೆ 3 ಗಂಟೆ, ವಾರಕ್ಕೆ 5 ದಿನ ಥೆರಪಿ. ಈ ವಿಷಯದಲ್ಲಿ ಅಮೆರಿಕದವರಿಗೇ ನನ್ನ ಓಟು. ನಮ್ಮಲ್ಲಿ 'ಪಾಪ, ಮಲಗಲಿ ಬಿಡಿ' ಅಂತಲೇ ಕಾಲು ಸೊರಗಿಸಿಬಿಡ್ತೀವಿ.

ದುಡ್ಡು ಯಾರು ಕೊಡ್ತಾರೆ? ನಾನು ಅಪ್ಪನಿಗೆ ಕೊಂಡಿದ್ದ ವಿಸಿಟರ್ ಇನ್ಶೂರೆನ್ಸ್‌ನ (ಭೇಟಿಗೆ ಬಂದವರ ಆರೋಗ್ಯ ವಿಮೆ) ಮುಖಪುಟದಲ್ಲಿ ದೊಡ್ಡ ಮೊತ್ತ ಇತ್ತು. ಒಳಗೆ, ಅಪ್ಪನ ಬಿಪಿ 'ಮೊದಲೇ ಇದ್ದ ಕಾಯಿಲೆ'. ಅದು ದಿಢೀರನೆ ಕೆರಳಿದರೆ ತುರ್ತು ಚಿಕಿತ್ಸೆಗಷ್ಟೇ ಕಾಸು. ಡಾಕ್ಟರು 'ಸ್ಟೇಬಲ್' ಅಂತ ಬರೆದ ದಿನವೇ ಬಾಗಿಲು ಬಂದ್; ರಿಹ್ಯಾಬ್ ಲೆಕ್ಕಕ್ಕೇ ಇಲ್ಲ. ನಾನೋ, ಕಾಲು ನಡೆಸೋ ರೋಬೋಟ್ ಇರೋ ಸೆಂಟರೇ ಬೇಕು ಅಂತ ಇನ್ಶೂರೆನ್ಸ್‌ನವರಿಗೆ ಅಪೀಲ್ ಮೇಲೆ ಅಪೀಲ್ ಹಾಕ್ತಾ ಕೂತೆ. ಹನ್ನೊಂದು ದಿನದ ಬೆಡ್ ಚಾರ್ಜು ನನ್ನ ತಲೆಗೆ ಬಂತು. ಅಷ್ಟೂ ದಿನ ಅಪ್ಪ ಮಲಗೇ ಇದ್ದರು. ಪಾಲಿಸಿ ಕೊಳ್ಳೋ ಮೊದಲೇ 'ರಿಹ್ಯಾಬ್ ಕವರ್ ಆಗುತ್ತಾ, ಊರಿಗೆ ವಾಪಸ್ ಕಳಿಸೋ ಖರ್ಚು ಕೊಡ್ತೀರಾ' ಅಂತ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಲಾಭಕ್ಕಲ್ಲದ ಆಸ್ಪತ್ರೆಗಳು ಧನಸಹಾಯದ ನೀತಿ ಇಟ್ಟಿರಲೇಬೇಕು ಅಂತ ಕಾನೂನಿದೆ. ವಿಸಿಟರ್‌ಗೂ ಅನ್ವಯಿಸುತ್ತಾ ಅಂತ ಮೊದಲ ದಿನವೇ ಕೇಳಿ. ಗ್ರೀನ್ ಕಾರ್ಡ್ ಇರೋ ಅಪ್ಪ-ಅಮ್ಮನೂ 65 ದಾಟಿ, 5 ವರ್ಷ ಸತತವಾಗಿ ಇಲ್ಲಿದ್ದ ಮೇಲೇ ಮೆಡಿಕೇರ್ (ವಯಸ್ಸಾದವರಿಗಿರೋ ಸರ್ಕಾರಿ ವಿಮೆ) ಕೊಳ್ಳೋಕಾಗೋದು.

ಇಷ್ಟಕ್ಕೂ ಆ ರೋಬೋಟ್ ಏನು? ಮೈಭಾರವನ್ನು ಪಟ್ಟಿಯಲ್ಲಿ ತೂಗುಹಾಕಿ, ಕಾಲಿಗೆ ಯಂತ್ರ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸೋದು. ಸ್ವಿಟ್ಜರ್ಲೆಂಡಿನ ಲೋಕೋಮ್ಯಾಟ್ ಅಂಥದ್ದು. ನಡೆಯೋಕೇ ಆಗದವರಿಗೆ, ಮೊದಲ ಮೂರು ತಿಂಗಳಲ್ಲಿ, ಫಿಸಿಯೋಥೆರಪಿ ಜೊತೆ ಕೊಟ್ಟರೆ ಲಾಭ ಹೆಚ್ಚು. ಕಷ್ಟಪಟ್ಟಾದರೂ ಹೆಜ್ಜೆ ಇಡೋರಿಗೆ ಥೆರಪಿಸ್ಟ್ ಕೈಹಿಡಿದು ನಡೆಸಿದ್ದೇ ವಾಸಿ ಅಂತ ಅಮೆರಿಕದಲ್ಲೇ ನಡೆದ ಪರೀಕ್ಷೆಗಳು ತೋರಿಸಿವೆ.

ಕೊನೆಗೆ ಡಾಕ್ಟರ ಒಪ್ಪಿಗೆ ಪಡೆದು ಅಪ್ಪನನ್ನು ಊರಿಗೆ ಕರೆತಂದೆ. ಮಾತಿನ ತೊದಲಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಕಾಲಿಗೆ ಮನೆಗೇ ಬರೋ ಫಿಸಿಯೋ ಹುಡುಗ. ಕುರ್ಚಿಯಿಂದ ಏಳೋದು, ಕೂರೋದು; ಪಾದಕ್ಕೆ ಮರಳಿನ ಚೀಲ ಕಟ್ಟಿ ಎತ್ತೋದು; ವಾರ ಕಳೆದಂತೆ ಭಾರ ಜಾಸ್ತಿ. 'ಭಾರ ಎತ್ತಿಸಿದರೆ ಕಾಲು ಇನ್ನೂ ಸೆಟೆದುಕೊಳ್ಳುತ್ತೆ ಕಣೋ' ಅಂತ ಚಿಕ್ಕಪ್ಪ ರೇಗಿದರು. ಹಾಗೇನೂ ಆಗಲ್ಲ, ಅದು ಹಳೇ ನಂಬಿಕೆ. ಈಗ ಅಪ್ಪ ಕೋಲು ಹಿಡಿದು ನಾಲೆ ಏರಿವರೆಗೂ ಹೋಗಿ ಬರ್ತಾರೆ, ಚಿಕ್ಕಪ್ಪನ ಮೇಲಿನ ಹಟಕ್ಕೆ.