ಶಂಕುಧಾರಿ ಮರದ ಸಸ್ಯತಿಗಣೆ: ಹೊಸ ಪ್ರಭೇದವನ್ನು ವಿವರಿಸುವ ಕ್ರಮ

ಗೇರು ಬೆಳೆಯುವ ಕರಾವಳಿಯವರಿಗೆ ಟೀ ಸೊಳ್ಳೆಯ ಕಾಟ ಗೊತ್ತೇ ಇದೆ. ಹೆಸರಿನಲ್ಲಿ ಸೊಳ್ಳೆ ಇದ್ದರೂ ಅದು ತಿಗಣೆ, ಮಿರಿಡೇ ಎಂಬ ಸಸ್ಯತಿಗಣೆಗಳ ಕುಟುಂಬದ್ದು. ಈ ಕುಟುಂಬದಲ್ಲಿ 11,000ಕ್ಕೂ ಹೆಚ್ಚು ಪ್ರಭೇದಗಳಿಗೆ ಈಗಾಗಲೇ ಹೆಸರಿದೆ. ಪೈನ್, ಸ್ಪ್ರೂಸ್, ಫರ್, ಜುನಿಪರ್‌ಗಳಂಥ ಶಂಕುಧಾರಿ ಮರಗಳನ್ನೇ ನೆಚ್ಚಿ ಬದುಕುವವು ಅದರಲ್ಲೊಂದು ದೊಡ್ಡ ಗುಂಪು. ಯುರೋಪಿನ ಇಂಥ ತಿಗಣೆಗಳಲ್ಲಿ ಹಲವಕ್ಕೆ 18 ಮತ್ತು 19ನೇ ಶತಮಾನದಲ್ಲೇ ಹೆಸರು ಸಿಕ್ಕಿತು. ಅಮೆರಿಕದ ಪಶ್ಚಿಮ ಬೆಟ್ಟಗಳ ಪಿನ್ಯನ್ (ಕುಳ್ಳ ಪೈನ್)–ಜುನಿಪರ್ ಕಾಡುಗಳಲ್ಲಿ ಮಾತ್ರ 20ನೇ ಶತಮಾನದ ಕೊನೆಯವರೆಗೂ ಹೊಸವು ಸಿಗುತ್ತಲೇ ಬಂದವು.

ಹೊಸ ಪ್ರಭೇದ ಎಂದರೆ ಒಂದು ವಾದ: "ಹೆಸರಿರುವ ಯಾವುದರ ಜೊತೆಗೂ ಇದು ಹೊಂದುವುದಿಲ್ಲ" ಎಂಬ ವಾದ. ಐವತ್ತು ವರ್ಷ ಕಳೆದು ಬೇರೊಬ್ಬರು ನಿಮ್ಮ ಪೆಟ್ಟಿಗೆ ತೆರೆದು ಅದನ್ನು ಪರೀಕ್ಷಿಸಲು ಆಗಬೇಕು. ಹಾಗಾಗಿ ಕೆಲಸ ಶುರುವಾಗುವುದು ಕಾಡಿನಲ್ಲಿ, ಮರದ ಬುಡದಲ್ಲಿ.

ಮೊದಲು ಮರವನ್ನು ಗುರುತಿಸಿ

"ಪೈನ್ ಮರದ ಮೇಲೆ" ಎಂದು ಬರೆದ ಚೀಟಿಯಿಂದ ಹೆಚ್ಚು ಪ್ರಯೋಜನವಿಲ್ಲ. ಯಾವ ಪೈನ್ ಎಂಬುದು ಬೇಕು. ಸೂಜಿಎಲೆಗಳು ಒಂದು ಕಟ್ಟಿನಲ್ಲಿ ಎಷ್ಟಿವೆ ಎಂದು ಹತ್ತಾರು ಕಡೆ ಎಣಿಸಿ. ಹಿಮಾಲಯದ ಚಿರ್ ಪೈನ್‌ಗೆ ಮೂರು, ನೀಲಿ ಪೈನ್‌ಗೆ ಐದು, ಯುರೋಪಿನ ಸ್ಕಾಟ್ಸ್ ಪೈನ್‌ಗೆ ಎರಡು. ಪಿನ್ಯನ್‌ಗಳಲ್ಲಿ ಪೈನಸ್ ಎಡುಲಿಸ್‌ಗೆ ಎರಡು, ಪೈನಸ್ ಮೊನೊಫಿಲ್ಲಾಗೆ ಒಂದೇ. ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ: ಗಾಳಿಮರ ದೂರದಿಂದ ಪೈನ್‌ನಂತೆ ಕಂಡರೂ ಅದು ಹೂಬಿಡುವ ಸಸ್ಯ, ಶಂಕುಧಾರಿ ಅಲ್ಲವೇ ಅಲ್ಲ.

ಕಾಯಿಶಂಕು ಸಮೇತ 20–25 ಸೆಂ.ಮೀ. ಉದ್ದದ ರೆಂಬೆ ಕತ್ತರಿಸಿ, ಒತ್ತಿ, ಒಣಗಿಸಿ, ಸಸ್ಯಾಗಾರಕ್ಕೆ (ಒಣಸಸ್ಯಗಳ ಸಂಗ್ರಹಕ್ಕೆ) ಕೊಟ್ಟು ಸಂಖ್ಯೆ ಪಡೆಯಿರಿ. ಸ್ಪ್ರೂಸ್ ರೆಂಬೆ ಒಣಗುತ್ತಿದ್ದಂತೆ ಎಲೆಗಳೆಲ್ಲ ಉದುರಿಬಿಡುತ್ತವೆ. ಅವನ್ನು ಲಕೋಟೆಯಲ್ಲಿ ಹಾಕಿ ಅದೇ ಹಾಳೆಗೆ ಅಂಟಿಸಿ. ಎಲೆ ಉದುರಿದ ಜಾಗದ ಗೂಟ, ತೊಗಟೆ, ಶಂಕುವಿನ ಹುರುಪೆ ಇವೇ ಮುಂದೆ ಗುರುತಿಗೆ ಸಾಕಾಗುತ್ತವೆ.

ಮರದ ಮೇಲೆ ತಿಗಣೆ ಸಿಕ್ಕಿತು ಎಂದಮಾತ್ರಕ್ಕೆ ಅದು ಅದರ ಆಸರೆ ಮರ ಆಗುವುದಿಲ್ಲ. ರೆಕ್ಕೆ ಬಂದ ತಿಗಣೆ ಪಕ್ಕದ ಓಕ್‌ನಿಂದ ಹಾರಿ ಬಂದಿರಬಹುದು, ರಾತ್ರಿ ದೀಪಕ್ಕೆ ಬಂದು ಅಲ್ಲೇ ಉಳಿದಿರಬಹುದು. ಮರಿಗಳು ಹಾರಲಾರವು. ಅದೇ ರೆಂಬೆಯಲ್ಲಿ ರೆಕ್ಕೆಮೊಗ್ಗು ದೊಡ್ಡದಾದ ಕೊನೆಯ, ಅಂದರೆ ಐದನೇ ಹಂತದ ಮರಿಗಳೂ ಸಿಕ್ಕರೆ ಮಾತು ಗಟ್ಟಿ. ಪಕ್ಕದ ಬೇರೆ ಜಾತಿಯ ಮರಗಳನ್ನೂ ಅಷ್ಟೇ ಹೊತ್ತು ಬಡಿದು, ಏನೂ ಸಿಗದಿದ್ದರೆ "ಸಿಗಲಿಲ್ಲ" ಎಂದೂ ದಾಖಲಿಸಿ. ಈ ಸಾಲನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆಸರೆ ಮರದ ಬಗೆಗಿನ ವಾದದಲ್ಲಿ ಅದರ ಬೆಲೆ ದೊಡ್ಡದು.

ಯಾವಾಗ, ಹೇಗೆ ಹಿಡಿಯುವುದು

ಈ ತಿಗಣೆಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಂದೇ ಪೀಳಿಗೆ ಕಾಣುತ್ತವೆ. ಚಳಿಗಾಲವನ್ನು ಎಳೆ ರೆಂಬೆಯೊಳಗೆ ಮೊಟ್ಟೆಯಾಗಿ ಕಳೆದು, ಹೊಸ ಚಿಗುರು ಒಡೆಯುವ, ಪರಾಗಶಂಕು ಬಿಡುವ ಹೊತ್ತಿಗೆ ಮರಿಯಾಗುತ್ತವೆ. ಪ್ರೌಢ ಕೀಟಗಳ ಕಾಲ ಕೆಲವೇ ವಾರ. ಗಂಡುಗಳು ಮೊದಲು ಬಂದು ಮೊದಲೇ ಸಾಯುತ್ತವೆ. ಎರಡು ವಾರ ತಡವಾಗಿ ಹೋದರೆ ಬರೀ ಹೆಣ್ಣುಗಳೇ ಸಿಗಬಹುದು. ಗಂಡಿಲ್ಲದೆ ಬಹುತೇಕ ಕುಲಗಳಲ್ಲಿ ಹೊಸ ಪ್ರಭೇದ ಹೆಸರಿಸುವುದು ಅಪಾಯದ ಕೆಲಸ. ಬೇಗ ಹೋಗಿ, ವಾರ ಬಿಟ್ಟು ಮತ್ತೆ ಹೋಗಿ.

70–90 ಸೆಂ.ಮೀ. ಅಗಲದ ಬಿಳಿ ಬಟ್ಟೆಯನ್ನು ಅಡ್ಡಕಡ್ಡಿಗಳಿಗೆ ಬಿಗಿದು ರೆಂಬೆಯ ಕೆಳಗೆ ಹಿಡಿಯಿರಿ. ಗಟ್ಟಿ ಕೋಲಿನಿಂದ ಎರಡು ಮೂರು ಚುರುಕಾದ ಏಟು ಸಾಕು. ಮೆಲ್ಲಗೆ ಅಲ್ಲಾಡಿಸಿದರೆ ಅವು ಇನ್ನೂ ಬಿಗಿಯಾಗಿ ಹಿಡಿದು ಕೂರುತ್ತವೆ. ಮುಂಜಾನೆಯ ತಂಪಿನಲ್ಲಿ ಬಿದ್ದವು ಬೇಗ ಹಾರುವುದಿಲ್ಲ. ಕೈಬೆರಳಿನಿಂದ ಎತ್ತಬೇಡಿ, ಹೀರುಕೊಳವೆ ಬಳಸಿ. ಬಟ್ಟೆಗೆ ಅಂಟಿದ ರಾಳದಲ್ಲಿ ಕಾಲು ಸಿಕ್ಕಿಕೊಂಡ ತಿಗಣೆ ಕೆಟ್ಟಂತೆಯೇ, ಆದ್ದರಿಂದ ಬಟ್ಟೆಯನ್ನು ಆಗಾಗ ಬದಲಿಸಿ.

ಸಾಯಿಸುವ ಮೊದಲೇ ಬಣ್ಣ ಬರೆದುಕೊಳ್ಳಿ, ಫೋಟೋ ತೆಗೆಯಿರಿ. ಜುನಿಪರ್ ಮೇಲಿನ ಡೈಕ್ರೂಸೈಟಸ್ ಕುಲದ ತಿಗಣೆಗಳಲ್ಲಿ ಹಲವು ಎಳೆಹಸಿರು. ಒಣಗಿದ ಮೇಲೆ ಹಸಿರು ಹಳದಿಗೆ ತಿರುಗುತ್ತದೆ.

ಸಂಸ್ಕರಣೆ

ಈಥೈಲ್ ಅಸಿಟೇಟ್ ಹಾಕಿದ ಕೊಲ್ಲುಶೀಶೆಯೊಳಗೆ ಕಾಗದದ ಪಟ್ಟಿಗಳನ್ನು ಮಡಚಿ ಇಡಿ. ಗಾಜಿನಲ್ಲಿ ತೇವ ಕಟ್ಟಿದರೆ ಮೈಮೇಲಿನ ಹುರುಪೆಯಂಥ ರೋಮಗಳು ಅಂಟಿ ಉದುರುತ್ತವೆ. ಅಟ್ರಾಕ್ಟೊಟೋಮಸ್‌ನಂಥ ಕುಲದಲ್ಲಿ ಈ ರೋಮಗಳೇ ಮುಖ್ಯ ಗುರುತು. ಅದಕ್ಕಾಗಿಯೇ ಪ್ರೌಢ ತಿಗಣೆಗಳನ್ನೆಲ್ಲ ಮದ್ಯಸಾರಕ್ಕೆ ಹಾಕಬಾರದು. ಎರಡು ಮೂರನ್ನು ಡಿಎನ್‌ಎಗೆಂದು 95 ಶೇಕಡ ಎಥನಾಲ್‌ನಲ್ಲಿ ತಣ್ಣಗಿಡಿ, ಕೆಲವು ಮರಿಗಳನ್ನೂ ಹಾಗೆಯೇ. ಉಳಿದ ಮರಿಗಳಿಗೆ 70–80 ಶೇಕಡ ಸಾಕು.

ಒಣ ಮಾದರಿಯನ್ನು ಸೂಜಿಗೆ ಚುಚ್ಚಿದ, ಸುಮಾರು 8 ಮಿ.ಮೀ. ಉದ್ದದ ತ್ರಿಕೋನ ಕಾರ್ಡಿನ ತುದಿಗೆ ಅಂಟಿಸುವುದು ರೂಢಿ. ತುದಿಯನ್ನು ಕೊಂಚ ಕೆಳಗೆ ಬಗ್ಗಿಸಿ, ಎದೆಯ ಬಲಮಗ್ಗುಲಿಗೆ ಸಾಸಿವೆಗಿಂತ ಸಣ್ಣ ಅಂಟಿನ ಹನಿ ಇಡಿ. ಅಂಟು ನೀರಿನಲ್ಲಿ ಕರಗುವಂಥದ್ದಾಗಿರಲಿ. ಸೊಂಡಿಲು, ಕಾಲಿನ ಬುಡ, ಎಡಮಗ್ಗುಲು ಕಾಣುತ್ತಿರಬೇಕು. ಮೈಯ ಉದ್ದಕ್ಕೂ ಅಂಟು ಬಳಿದ ಮಾದರಿಯ ಸೊಂಡಿಲನ್ನು ಅಳೆಯುವ ದಾರಿಯೇ ಇಲ್ಲ.

ಚೀಟಿಯಲ್ಲಿ ದೇಶ, ರಾಜ್ಯ, ಜಿಲ್ಲೆ, ಸ್ಥಳ, ನಾಲ್ಕು ದಶಮಾಂಶದವರೆಗಿನ ಅಕ್ಷಾಂಶ–ರೇಖಾಂಶ, ಎತ್ತರ, ದಿನಾಂಕ, ಹಿಡಿದವರು. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆದರೆ 6–7 ಎಂಬುದು ಜೂನೋ ಜುಲೈಯೋ ಎಂಬ ಗೊಂದಲ ಇರದು. ಎರಡನೇ ಚೀಟಿ ಮರದ್ದು: ಪ್ರಭೇದ ಮತ್ತು ಸಸ್ಯಾಗಾರದ ಸಂಖ್ಯೆ.

ಕುಲದವರೆಗೆ ತಲುಪುವುದು

ಮಿರಿಡೇ ಎಂದು ಖಚಿತಪಡಿಸಲು ಮುಂರೆಕ್ಕೆ ನೋಡಿ. ಚರ್ಮದಂತಿರುವ ಭಾಗದ ತುದಿಯಲ್ಲಿ ಕ್ಯೂನಿಯಸ್ ಎಂಬ ತ್ರಿಕೋನ ತುಂಡು, ಅಲ್ಲಿಂದ ರೆಕ್ಕೆ ಕೆಳಕ್ಕೆ ಬಾಗಿರುತ್ತದೆ. ಪೊರೆಭಾಗದಲ್ಲಿ ಸಾಮಾನ್ಯವಾಗಿ ಎರಡು ಮುಚ್ಚಿದ ಕೋಶ. ಐಸೊಮೆಟೊಪಿನೇ ಉಪಕುಟುಂಬ ಬಿಟ್ಟರೆ ಸರಳಕಣ್ಣು ಇರುವುದಿಲ್ಲ. ಉಪಕುಟುಂಬಕ್ಕೆ ಉಗುರುಗಳ ನಡುವಿನ ಎರಡು ಎಳೆಗಳನ್ನು ನೋಡಬೇಕು: ಕೂದಲಿನಂತಿದ್ದರೆ ಬಹುಮಟ್ಟಿಗೆ ಫೈಲಿನೇ, ಚಪ್ಪಟೆಯಾಗಿ ತುದಿ ಒಳಕ್ಕೆ ಸೇರಿದ್ದರೆ ಆರ್ಥೊಟೈಲಿನೇ, ಚಪ್ಪಟೆಯಾಗಿ ತುದಿ ಹೊರಕ್ಕೆ ಚಾಚಿ, ಕುತ್ತಿಗೆಯಲ್ಲಿ ದುಂಡನೆಯ ಪಟ್ಟಿಯೂ ಇದ್ದರೆ ಮಿರಿನೇ.

ಗಂಡಿನ ಜನನಾಂಗ

ಇಲ್ಲಿ ಸಮಯ ಕೊಡಿ, ಆತುರ ಬೇಡ. ಬಣ್ಣದಲ್ಲಿ ಅವಳಿಗಳಂತಿರುವ ಎರಡು ಪ್ರಭೇದಗಳನ್ನು ಬೇರೆ ಮಾಡುವುದು ಹೆಚ್ಚಾಗಿ ಇದೊಂದೇ. 650ಕ್ಕೂ ಹೆಚ್ಚು ಪ್ರಭೇದಗಳಿರುವ ಫೈಟೊಕೋರಿಸ್ ಕುಲದಲ್ಲಂತೂ ಇದನ್ನು ಬಿಟ್ಟು ಮಾತಾಡುವಂತಿಲ್ಲ.

ಮಾದರಿಯನ್ನು ತೇವಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಟ್ಟು ಮೆದು ಮಾಡಿ. ಹೊಟ್ಟೆಯ ತುದಿಯ ಒಂಬತ್ತನೇ ಖಂಡವೇ ಜನನಾಂಗದ ಬಟ್ಟಲು. ಅದನ್ನು ಬಿಡಿಸುವ ಮೊದಲೇ ಮೇಲಿನಿಂದ ನೋಡಿ ಚಿತ್ರ ಬರೆಯಿರಿ. ಫೈಟೊಕೋರಿಸ್‌ನಲ್ಲಿ ಎಡಗೊಕ್ಕೆಯ (ಹೆಣ್ಣನ್ನು ಹಿಡಿಯುವ ಎರಡು ಕೊಕ್ಕೆಗಳಲ್ಲಿ ಎಡದ್ದು) ಬುಡದ ಮೇಲಿರುವ ಗುಬುಟು ಇದೆಯೇ, ಯಾವ ಆಕಾರದ್ದು ಎಂಬುದು ಒಂದು ಲಕ್ಷಣ. ಬಳಿಕ ಬಟ್ಟಲನ್ನು ಸೂಕ್ಷ್ಮ ಚಿಮುಟದಿಂದ ಬಿಡಿಸಿ, 10 ಶೇಕಡ ಪೊಟ್ಯಾಷಿಯಂ ಹೈಡ್ರಾಕ್ಸೈಡ್‌ನಲ್ಲಿ ಬಿಸಿನೀರಿನ ತಟ್ಟೆಯ ಮೇಲೆ ಕೆಲವು ನಿಮಿಷ ಇಡಿ. ಕೈಗವಸು, ಕನ್ನಡಕ ಕಡ್ಡಾಯ, ಈ ದ್ರಾವಣ ಕಣ್ಣನ್ನು ಸುಡುತ್ತದೆ. ನಿಮಿಷಕ್ಕೊಮ್ಮೆ ನೋಡುತ್ತಿರಿ. ಸ್ನಾಯು ಕರಗಿ ಬಟ್ಟಲು ತಿಳಿಯಾದ ಕೂಡಲೇ ತೆಗೆದು ನೀರಿನಲ್ಲಿ ಎರಡು ಸಲ ತೊಳೆದು ಗ್ಲಿಸರಿನ್‌ಗೆ ಹಾಕಿ. ಹೆಚ್ಚು ಹೊತ್ತು ಬಿಟ್ಟರೆ ತೆಳುವಾದ ಮುಳ್ಳುಗಳೂ ಗಾಜಿನಂತಾಗಿ ಕಣ್ಣಿಗೇ ಬೀಳುವುದಿಲ್ಲ. ಕಡಿಮೆಯಾದರೆ ಎಳೆಯುವಾಗ ತುಂಡಾಗುತ್ತದೆ.

ಎಡಗೊಕ್ಕೆ ದೊಡ್ಡದು, ಬಲಗೊಕ್ಕೆ ಚಿಕ್ಕದು. ಎರಡನ್ನೂ ಬಿಡಿಸಿ. ಶಿಶ್ನದ ಕವಚದೊಳಗಿನ ಭಾಗವಾದ ವೆಸಿಕಾವನ್ನು ಸೂಕ್ಷ್ಮ ಸೂಜಿಗಳಿಂದ ಹೊರತನ್ನಿ. ಫೈಲಿನೇಯಲ್ಲಿ ಅದು ಗಟ್ಟಿ ಪಟ್ಟಿ, ಹಲವುಗಳಲ್ಲಿ ಇಂಗ್ಲಿಷಿನ ಎಸ್ ಅಕ್ಷರದಂತೆ ತಿರುಚಿದ್ದು. ತುದಿಯ ಮುಳ್ಳುಗಳು ಮತ್ತು ದ್ವಾರದ ಜಾಗ ನೋಡಿ. ಮಿರಿನೇಯಲ್ಲಿ ಅದು ಪೊರೆಯ ಚೀಲ, ಒಳಗೆ ಗಟ್ಟಿ ತುಣುಕುಗಳು. ಫೈಟೊಕೋರಿಸ್‌ನಲ್ಲಿ ಬಾಚಣಿಗೆಯಂಥ ಒಂದು ತುಣುಕು ಇರುತ್ತದೆ. ಅದರ ಹಲ್ಲುಗಳನ್ನು ಎಣಿಸಿ. ಚೀಲ ಮಡಚಿದಂತೆ ಇದ್ದಾಗ ಬರೆದ ಚಿತ್ರವನ್ನು ಉಬ್ಬಿದ ಸ್ಥಿತಿಯ ಚಿತ್ರದೊಂದಿಗೆ ಹೋಲಿಸುವುದರಿಂದಲೇ ಎಷ್ಟೋ "ವ್ಯತ್ಯಾಸ" ಹುಟ್ಟಿಕೊಳ್ಳುತ್ತವೆ. ಒಂದೇ ಕೋನ, ಒಂದೇ ಸ್ಥಿತಿ, ಕನಿಷ್ಠ ಐದು ಗಂಡು. ಆಗತಾನೇ ಪೊರೆ ಕಳಚಿದ ಮೆದುಮೈಯ ಗಂಡನ್ನು ಆರಿಸಲೇಬೇಡಿ, ಒಣಗಿದಾಗ ಅದರ ಭಾಗಗಳು ಸೊಟ್ಟಗಾಗುತ್ತವೆ.

ಬಿಡಿಸಿದ ಭಾಗಗಳನ್ನು ಗ್ಲಿಸರಿನ್ ತುಂಬಿದ ಪುಟ್ಟ ನಳಿಕೆಯಲ್ಲಿಟ್ಟು ಅದೇ ಸೂಜಿಗೆ ಚುಚ್ಚಿ. ಬೇರೆ ಪೆಟ್ಟಿಗೆಯಲ್ಲಿ ಇಟ್ಟದ್ದು ಎಂದಾದರೂ ಕಳೆದೇ ಹೋಗುತ್ತದೆ.

ಹೋಲಿಕೆ

ಕುಲದ ಎಲ್ಲ ಪ್ರಭೇದಗಳ ಮೂಲ ವಿವರಣೆ ಓದಿ, ಪರ್ಯಾಯ ಹೆಸರುಗಳಾಗಿ ತಳ್ಳಿಹಾಕಿದವನ್ನೂ ಸೇರಿಸಿ. ನಿಮ್ಮ "ಹೊಸದು" ಅಲ್ಲೇ ಮಲಗಿರಬಹುದು. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ಅಂತರಜಾಲದಲ್ಲಿ ಇಟ್ಟಿರುವ ಸಸ್ಯತಿಗಣೆಗಳ ಪಟ್ಟಿಯಿಂದ ಶುರುಮಾಡಬಹುದು. ಹತ್ತಿರದ ಎರಡು ಮೂರು ಪ್ರಭೇದಗಳ ಹೋಲೋಟೈಪ್‌ಗಳನ್ನಾದರೂ (ಹೆಸರಿಗೆ ಆಧಾರವೆಂದು ಆರಿಸಿಟ್ಟ ಒಂದೊಂದೇ ಮಾದರಿ) ಕಣ್ಣಾರೆ, ಆಗದಿದ್ದರೆ ಒಳ್ಳೆಯ ಚಿತ್ರಗಳಲ್ಲಿ ನೋಡಲೇಬೇಕು.

ಮರ ಬೇರೆ ಖಂಡದಿಂದ ತಂದು ನೆಟ್ಟದ್ದಾದರೆ ಆ ಖಂಡದ ಪಟ್ಟಿಯನ್ನೂ ತೆರೆಯಿರಿ. ಯುರೋಪಿನ ಕ್ಯಾಂಪ್ಟೊಜೈಗಮ್ ಈಕ್ವಾಲೆ ಎಂಬ ತಿಗಣೆ ಪೈನ್ ಗಿಡಗಳ ಹಿಂದೆಯೇ ಉತ್ತರ ಅಮೆರಿಕಕ್ಕೂ ಹೋಗಿ ನೆಲೆಸಿದೆ. ಕೊಡಗಿನಲ್ಲೋ ನೀಲಗಿರಿಯಲ್ಲೋ ನೆಟ್ಟ ಪೈನ್ ಮೇಲೆ ಏನಾದರೂ ಸಿಕ್ಕರೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಡಿಎನ್‌ಎ ಬಾರ್‌ಕೋಡ್, ಅಂದರೆ ಸಿಒ1 ಜೀನಿನ 658 ಅಕ್ಷರಗಳ ತುಂಡು, ಮರಿ ಮತ್ತು ಹೆಣ್ಣನ್ನು ಗಂಡಿನೊಂದಿಗೆ ಜೋಡಿಸಲು ಬಹಳ ಸಹಾಯಕ. ಬರೀ ಅದರ ಅಂತರ ನೋಡಿ ಪ್ರಭೇದ ಒಡೆಯುವುದು ಸರಿಯಲ್ಲ.

ಅಳತೆ ಮತ್ತು ಬರವಣಿಗೆ

ಸಾಧ್ಯವಾದರೆ ಹತ್ತು ಗಂಡು, ಹತ್ತು ಹೆಣ್ಣು. ಮೈಯುದ್ದ, ಕಣ್ಣು ಸೇರಿದ ತಲೆಯ ಅಗಲ, ಕಣ್ಣುಗಳ ನಡುವಿನ ಅಂತರ, ಮೀಸೆಯ ನಾಲ್ಕು ಖಂಡಗಳು, ಸೊಂಡಿಲು, ಎದೆಕವಚದ ಹಿಂಬದಿಯ ಅಗಲ. ಮೈಯುದ್ದವನ್ನು ಮೂತಿಯಿಂದ ಕ್ಯೂನಿಯಸ್ ತುದಿಗೂ ಪೊರೆಯ ತುದಿಗೂ ಎರಡು ಬಾರಿ ಕೊಡಿ, ಪೊರೆ ಹರಿದಿರುವುದು ಸಾಮಾನ್ಯ. ಎರಡನೇ ಮೀಸೆಖಂಡ ಮತ್ತು ತಲೆಯಗಲದ ಅನುಪಾತ ಬಿಡಿ ಅಳತೆಗಿಂತ ನಂಬಿಕಸ್ತ. ಹೋಲೋಟೈಪ್‌ನ ಅಳತೆ ಬೇರೆಯಾಗಿಯೇ ಇರಲಿ.

ವಿವರಣೆ ಎಷ್ಟು ಉದ್ದವಿದ್ದರೂ ಓದುವವರು ಮೊದಲು ಹುಡುಕುವುದು ಭೇದಸೂಚಿಯನ್ನು, ಅಂದರೆ ಇದನ್ನು ಬೇರೆಯವುಗಳಿಂದ ಬೇರ್ಪಡಿಸುವ ಲಕ್ಷಣಗಳ ಸಾರಾಂಶವನ್ನು. ನಾಲ್ಕೈದು ಸಾಲು ಸಾಕು, ಆದರೆ ಅದರಲ್ಲಿ ಹತ್ತಿರದ ಪ್ರಭೇದದ ಹೆಸರು ಹಿಡಿದು "ಅದರಲ್ಲಿ ಹೀಗೆ, ಇದರಲ್ಲಿ ಹೀಗೆ" ಎಂದಿರಬೇಕು. "ಸುಂದರವಾದ ಕೆಂಗಂದು ತಿಗಣೆ" ಎಂಬ ಮಾತಿನಿಂದ ಯಾರಿಗೂ ಏನೂ ಗುರುತಾಗದು. 1930ರ ನಂತರದ ಹೆಸರುಗಳಿಗೆ, ಪ್ರಭೇದವನ್ನು ಬೇರ್ಪಡಿಸುವ ಲಕ್ಷಣಗಳನ್ನು ಪದಗಳಲ್ಲಿ ಹೇಳಿರಬೇಕೆಂಬುದು ಪ್ರಾಣಿನಾಮಕರಣ ಸಂಹಿತೆಯ ನಿಯಮವೂ ಹೌದು.

ಹೆಸರು, ಹೋಲೋಟೈಪ್, ಪ್ರಕಟಣೆ

ಗುಣವಾಚಕ ಹೆಸರು ಕುಲದ ಲಿಂಗವನ್ನು ಅನುಸರಿಸಬೇಕು. ಕ್ಯಾಂಪ್ಟೊಜೈಗಮ್ ನಪುಂಸಕ, ಅದಕ್ಕೇ ಅದು ಈಕ್ವಾಲೆ, ಈಕ್ವಾಲಿಸ್ ಅಲ್ಲ. ಫೈಟೊಕೋರಿಸ್ ಪೈನಿ ಎಂಬಲ್ಲಿ ಪೈನಿ ಎಂದರೆ ಪೈನ್‌ನ. ಷಷ್ಠಿ ರೂಪವಾದ್ದರಿಂದ ಅದು ಯಾವ ಕುಲಕ್ಕೆ ಹೋದರೂ ಬದಲಾಗದು. ಮರದ ಹೆಸರನ್ನೇ ಇಡುವ ಆಸೆಯಿದ್ದರೆ ಆಸರೆ ಮರದ ಸಾಕ್ಷ್ಯ ಗಟ್ಟಿಯಾಗಿರಲಿ. ಮುಂದೆ ಅದು ಬೇರೆ ಮರದ್ದೆಂದು ತಿಳಿದರೂ ಹೆಸರು ತೆಗೆಯಲು ಬರುವುದಿಲ್ಲ.

1999ರ ನಂತರದ ಹೆಸರಿಗೆ ಹೋಲೋಟೈಪ್ ಯಾವುದು, ಯಾವ ಸಂಗ್ರಹದಲ್ಲಿದೆ ಎಂದು ಬರೆಯದಿದ್ದರೆ ಹೆಸರೇ ಊರ್ಜಿತವಲ್ಲ. ಮೀಸೆ, ಕಾಲು ಪೂರ್ಣವಾಗಿರುವ, ಜನನಾಂಗ ಬಿಡಿಸಿ ನೋಡಿದ ಗಂಡನ್ನೇ ಆರಿಸಿ, ಕೆಂಪು ಚೀಟಿ ಹಾಕಿ. ಪ್ಯಾರಾಟೈಪ್‌ಗಳನ್ನು, ಅಂದರೆ ವಿವರಣೆಗೆ ಆಧಾರವಾದ ಉಳಿದ ಮಾದರಿಗಳನ್ನು, ಎರಡು ಮೂರು ಸಂಗ್ರಹಗಳಿಗೆ ಹಂಚಿ, ಒಂದು ಕಡೆ ಬೆಂಕಿ ಬಿದ್ದರೂ ಇನ್ನೊಂದು ಕಡೆ ಉಳಿಯುತ್ತದೆ. ಭಾರತದಲ್ಲಾದರೆ 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನಂತೆ ಹೊಸ ಪ್ರಭೇದದ ಸುದ್ದಿಯನ್ನೂ ಮಾದರಿಯನ್ನೂ ಗೊತ್ತುಪಡಿಸಿದ ಭಂಡಾರಕ್ಕೆ ಕೊಡಬೇಕು. ಭಾರತೀಯ ಪ್ರಾಣಿ ಸರ್ವೇಕ್ಷಣೆ ಅಂಥದ್ದೊಂದು.

ಪತ್ರಿಕೆ ಅಂತರಜಾಲದಲ್ಲಷ್ಟೇ ಬರುವುದಾದರೆ ಪ್ರಕಟಣೆಗೆ ಮೊದಲೇ ಝೂಬ್ಯಾಂಕ್‌ ಎಂಬ ಪ್ರಾಣಿನಾಮಗಳ ಅಂತರಜಾಲ ದಾಖಲೆಯಲ್ಲಿ ನೋಂದಾಯಿಸಿ, ಪ್ರಕಟಣೆಯ ದಿನಾಂಕವೂ ನೋಂದಣಿಯ ಸಂಖ್ಯೆಯೂ ಲೇಖನದ ಒಳಗೇ ಅಚ್ಚಾಗಿವೆಯೇ ಎಂದು ಕೊನೆಯ ಕರಡಿನಲ್ಲಿ ನೋಡಿ. ಅದೇ ಕರಡಿನಲ್ಲಿ ಹೋಲೋಟೈಪ್‌ನ ಚೀಟಿಗಳನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ, ರೆಂಬೆಯ ಸಸ್ಯಾಗಾರ ಸಂಖ್ಯೆ ಎರಡೂ ಕಡೆ ಒಂದೇ ಇದೆಯೇ ಎಂಬುದನ್ನೂ ಸೇರಿಸಿ.