ಸ್ವಭಾವ ನೋಡಿ ಕಾಲೇಜು ಬದಲಾಯಿಸಿದೆ: ನನ್ನ ಅನುಭವ

ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಕಾಲೇಜು ಬದಲಾಯಿಸುತ್ತೇನೆ ಅಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಬೆಂಗಳೂರಿನ ಸೀಟು ಬಿಟ್ಟು ಮೈಸೂರು ಕಡೆ ಯಾರಾದ್ರೂ ಹೋಗ್ತಾರಾ?" ಎಂದರು ಮಾವ. ಈ ಕಾಲೇಜು ನನ್ನ ಸ್ವಭಾವಕ್ಕೆ ಆಗಿಬರ್ತಿಲ್ಲ ಅಂದರೆ, ಸ್ವಭಾವ ಬದಲಾಯಿಸಿಕೋ ಅಂದರು. ಈಗ ಆರನೇ ಸೆಮಿಸ್ಟರ್‌ನಲ್ಲಿದ್ದೇನೆ. ಮೊದಲ ವರ್ಷ ಆರೂವರೆ ಆಸುಪಾಸು ಇದ್ದ ಎಸ್‌ಜಿಪಿಎ (ಸೆಮಿಸ್ಟರಿನ ಸರಾಸರಿ ಗ್ರೇಡ್, ಹತ್ತಕ್ಕೆ) ಎಂಟೂವರೆ ದಾಟಿದೆ. ಅದೇ ಮಾವ ಮೊನ್ನೆ ಮಗಳನ್ನು ನನ್ನ ಹತ್ತಿರ ಕಳಿಸಿದ್ದರು, ಕಾಲೇಜು ಹೇಗೆ ಆರಿಸಬೇಕು ಕೇಳಿಕೊಂಡು ಬಾ ಅಂತ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ನಾನು ನಿಧಾನವಾಗಿ ಕಲಿಯುವವನು. ಒಂದು ಸರ್ಕ್ಯೂಟನ್ನು ಎರಡು ಸಲ ಬ್ರೆಡ್‌ಬೋರ್ಡ್ (ತಂತಿ ಚುಚ್ಚಿ ಸರ್ಕ್ಯೂಟ್ ಜೋಡಿಸುವ ಹಲಗೆ) ಮೇಲೆ ಕಟ್ಟಿದರೇ ಅದು ತಲೆಗೆ ಹತ್ತುವುದು. ಕ್ಲಾಸಿನಲ್ಲಿ ಕೈ ಎತ್ತಿ ಕೇಳುವುದಿಲ್ಲ, ಆಮೇಲೆ ಒಬ್ಬನೇ ಹೋಗಿ ಕೇಳುತ್ತೇನೆ. ಮೂರ್ನಾಲ್ಕು ಜನರ ಗುಂಪಾದರೆ ನಾನೇ ಮುಂದೆ ನಿಂತು ಕೆಲಸ ಮಾಡಿಸುತ್ತೇನೆ. ಇದನ್ನೆಲ್ಲ ಇಷ್ಟು ಸಲೀಸಾಗಿ ಹೇಳುವ ಹೊತ್ತಿಗೆ ಒಂದು ಸೆಮಿಸ್ಟರ್ ಕಳೆದಿತ್ತು.

ಮೊದಲು ಪರ್ಸನಾಲಿಟಿ ಟೆಸ್ಟ್ ಹಿಡಿದೆ. ಹದಿನಾರು ಬಗೆಯ ಸ್ವಭಾವ ಹೇಳುತ್ತದಲ್ಲ, ಅದು. ಒಂದು ಸಲ ಐಎನ್‌ಟಿಜೆ ಬಂತು. ಇಂಟರ್ನಲ್ ಟೆಸ್ಟ್ ಮುಗಿದ ಮೇಲೆ ಮತ್ತೆ ತೆಗೆದುಕೊಂಡರೆ ಐಎನ್‌ಎಫ್‌ಪಿ. ನಾಲ್ಕಕ್ಷರದಲ್ಲಿ ಎರಡು ಬದಲು! ಆಮೇಲೆ ಕೌನ್ಸೆಲರ್ ಒಬ್ಬರ ಹತ್ತಿರ ಸುಮಾರು 3,000 ರೂಪಾಯಿ ಕೊಟ್ಟು ಇಪ್ಪತ್ತು ಪುಟದ ರಿಪೋರ್ಟ್ ತಂದೆ. ಅದರಲ್ಲಿ ನನಗೆ ಸಂಶೋಧನೆ ಹೊಂದುತ್ತದೆ ಅಂತ ಇತ್ತು. ಯಾವ ಕಾಲೇಜಿನ ಲ್ಯಾಬ್ ಸಂಜೆ ತೆರೆದಿರುತ್ತದೆ ಅಂತ ಇರಲಿಲ್ಲ. ನನಗೆ ಬೇಕಿದ್ದದ್ದು ಅದು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕ್ ಪಟ್ಟಿಯಲ್ಲೂ ಅದು ಸಿಗುವುದಿಲ್ಲ, ಪ್ಲೇಸ್‌ಮೆಂಟ್ ಬ್ರೋಷರ್‌ನಲ್ಲೂ ಇಲ್ಲ.

ಅದಕ್ಕೇ ರಿಪೋರ್ಟ್ ಪಕ್ಕಕ್ಕಿಟ್ಟು ಸಣ್ಣ ಡೈರಿ ಇಟ್ಟೆ. ದಿನಾ ಮಲಗುವ ಮುಂಚೆ ಎರಡೇ ವಿಷಯ: ಇವತ್ತು ಯಾವಾಗ, ಎಲ್ಲಿ, ಯಾರ ಜೊತೆ ಇದ್ದಾಗ ಕಲಿತದ್ದು ತಲೆಗೆ ಹೋಯಿತು? ಯಾವಾಗ ಎದ್ದು ಓಡಿಹೋಗಬೇಕು ಅನ್ನಿಸಿತು? ಎರಡು ತಿಂಗಳಿಗೆ ಚಿತ್ರ ಸಿಕ್ಕಿತು. ತಲೆಗೆ ಹೋದದ್ದು ಬಹುಪಾಲು ಸಂಜೆ ನಾಲ್ಕರ ನಂತರ, ಕೈಯಲ್ಲಿ ಮಲ್ಟಿಮೀಟರ್ ಇದ್ದಾಗ. ಹಳೇ ಕಾಲೇಜಿನ ಲ್ಯಾಬ್‌ಗಳಿಗೆ ಆ ಹೊತ್ತಿಗೆ ಬೀಗ, ರೂಮಿನಲ್ಲೇ ಕಟ್ಟಿ ನೋಡಬೇಕಿತ್ತು. ನನ್ನ ರೂಮ್‌ಮೇಟ್‌ಗೆ ಅದೇ ಕಾಲೇಜು ಹೇಳಿ ಮಾಡಿಸಿದ ಹಾಗಿತ್ತು. ಫೆಸ್ಟ್, ಕ್ಲಬ್, ದೊಡ್ಡ ಗುಂಪು ಅವನಿಗೆ ಉಸಿರು. ಅವನಿಂದಲೂ ಒಂದು ತಿಂಗಳು ಡೈರಿ ಬರೆಸಿದೆ. ಅವನಿಗೆ ಪಾಠ ಹತ್ತುವುದು ಇನ್ನೊಬ್ಬರಿಗೆ ಹೇಳಿಕೊಡುವಾಗ ಎಂದು ಗೊತ್ತಾಯಿತು. ಅವನು ಅಲ್ಲೇ ಉಳಿದ, ಈಗ ಜೂನಿಯರ್‌ಗಳಿಗೆ ಟ್ಯೂಷನ್ ಹೇಳಿ ಪಾಕೆಟ್ ಮನಿ ಮಾಡಿಕೊಳ್ಳುತ್ತಾನೆ.

ಆಮೇಲೆ ಕಾಲೇಜು ನೋಡುವುದು. ಓಪನ್ ಡೇ ದಿನ ಹೋಗಲೇಬೇಡಿ. ವಾರದ ಮಧ್ಯೆ, ಮಧ್ಯಾಹ್ನ ಎರಡರ ನಂತರ ಹೋಗಿ. 85% ಹಾಜರಾತಿ ಕೈತಪ್ಪದ ಹಾಗೆ ಲೆಕ್ಕ ಹಾಕಿ ರಜೆ ಹಾಕುತ್ತಿದ್ದೆ. ಬೆಳಗಿನ ಮೆಮು ರೈಲು ಹತ್ತಿದರೆ ಮಂಡ್ಯ, ಮೈಸೂರು ಎರಡಕ್ಕೂ ಆಯಿತು, ಟಿಕೆಟ್ ನೂರು ರೂಪಾಯಿಯೂ ಆಗುತ್ತಿರಲಿಲ್ಲ. ಹಾಸನ, ದಾವಣಗೆರೆಗೆ ಬಸ್ಸು. ಗುರುತಿಲ್ಲದ ಕಾಲೇಜಿನ ಲ್ಯಾಬ್ ಬಾಗಿಲ ತನಕ ಹೇಗೆ ಹೋಗುತ್ತಿದ್ದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಬರೆದರೆ ಆ ದಾರಿ ಮುಚ್ಚಿಹೋಗುತ್ತದೆ. ಸುಳ್ಳು ಹೇಳಿಲ್ಲ, ಅಷ್ಟು ಸಾಕು.

ಒಂದು ಕಡೆ ಅನಲಾಗ್ ಲ್ಯಾಬ್‌ನಲ್ಲಿ ಹುಡುಗರು ಇನ್ನೂ ರೀಡಿಂಗ್ ಬರೆದುಕೊಳ್ಳುತ್ತಿದ್ದರು. ನಾಲ್ಕಕ್ಕೆ ಐದು ನಿಮಿಷ ಇದ್ದಾಗಲೇ ಅಟೆಂಡರ್ ಮೇನ್ ಆಫ್ ಮಾಡಿದರು. ಸಿಆರ್‌ಒ (ಸಿಗ್ನಲ್ ತೋರಿಸುವ ಉಪಕರಣ) ಪರದೆ ಮೇಲಿದ್ದ ವೇವ್ ಮಾಯ. ಒಬ್ಬರೂ ಕೇಳಲಿಲ್ಲ, ಪಕ್ಕದ ಬ್ಯಾಚಿನ ರೆಕಾರ್ಡ್ ನೋಡಿ ಉಳಿದದ್ದನ್ನು ತುಂಬಿಸಿದರು. ಆ ಕಾಲೇಜಿಗೆ ದೊಡ್ಡ ಹೆಸರಿದೆ. ನನ್ನ ಪಟ್ಟಿಯಿಂದ ಅವತ್ತೇ ಹೊಡೆದುಹಾಕಿದೆ.

ಇನ್ನೊಂದು ಕಡೆ, ಮೈಸೂರಿನಲ್ಲಿ, ನಾಲ್ಕೂವರೆ ಆಗಿತ್ತು. ಇಬ್ಬರು ಹುಡುಗಿಯರು ಆರ್‌ಸಿ ಕಪಲ್ಡ್ ಆಂಪ್ಲಿಫೈಯರ್ ಸರ್ಕ್ಯೂಟ್ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು, ಗೇನ್ ಬರ್ತಿಲ್ಲ, ಅಂದರೆ ಸಿಗ್ನಲ್ ದೊಡ್ಡದಾಗ್ತಿಲ್ಲ ಅಂತ. ಮೇಡಂ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಿದ್ದರು. ತಪ್ಪು ಎಲ್ಲಿದೆ ಅಂತ ಹೇಳಲಿಲ್ಲ. "ಎಮಿಟರ್ ಹತ್ತಿರ ವೋಲ್ಟೇಜ್ ನೋಡಿದ್ರಾ?" ಅಂದರು, ಸುಮ್ನಾದರು. ಬೀಗದ ಕೈ ಅವರ ವ್ಯಾನಿಟಿ ಬ್ಯಾಗ್ ಪಕ್ಕದಲ್ಲೇ ಇತ್ತು. ನಾನು ಬಾಗಿಲಲ್ಲಿ ಐದೂಕಾಲರ ತನಕ ನಿಂತಿದ್ದೆ. ಸೇರಿದ್ದು ಅಲ್ಲಿಗೇ. ಹೆಸರು ಹೇಳುವುದಿಲ್ಲ. ಹೇಳಿದರೆ ಎಲ್ಲರೂ ಅದನ್ನೇ ಹಿಡಿಯುತ್ತಾರೆ, ನಿಮ್ಮ ಸ್ವಭಾವಕ್ಕೆ ಬೇರೆಯದೇ ಬೇಕಿರಬಹುದು ಅಲ್ವಾ?

ಹೋಗಿ ನೋಡಲಾಗದ ಕಾಲೇಜಿಗೆ ಇನ್ನೊಂದು ದಾರಿ ಇದೆ. ಸೀನಿಯರ್‌ಗಳಿಗೆ "ಕಾಲೇಜು ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅಂತಲೇ ಬರುತ್ತದೆ. ನಾನು "ನಿನ್ನೆ ಸಂಜೆ ಐದಕ್ಕೆ ಎಲ್ಲಿದ್ರಿ?" ಅಂತ ಕೇಳುತ್ತಿದ್ದೆ. ಬಸ್ಸಿನಲ್ಲಿ, ಲೈಬ್ರರಿಯಲ್ಲಿ, ಕ್ರಿಕೆಟ್ ಗ್ರೌಂಡಿನಲ್ಲಿ, ಕೋರಮಂಗಲದ ಕೋಚಿಂಗಿನಲ್ಲಿ. ಹತ್ತು ಹನ್ನೆರಡು ಉತ್ತರ ಸೇರಿದರೆ ಕಾಲೇಜಿನ ಜಾತಕವೇ ಸಿಗುತ್ತದೆ.

ಮನಸ್ಸಿಗೆ ಹಿಡಿಸಿದ್ದೆಲ್ಲ ಸಿಗುವುದಿಲ್ಲ. ಮೈಸೂರಿನ ಎಸ್‌ಜೆಸಿಇ ಕಾಲೇಜು 2016ರಿಂದ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ಹುಬ್ಬಳ್ಳಿಯ ಬಿವಿಬಿ ಕಾಲೇಜು 2015ರಿಂದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಎರಡೂ ವಿಟಿಯು (ನಮ್ಮ ಕಾಲೇಜುಗಳು ಸೇರಿರುವ ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಒಳಗಿಲ್ಲ, ಕಾಲೇಜು ಬದಲಾವಣೆಯ ಮಾಮೂಲಿ ಅರ್ಜಿ ಅಲ್ಲಿ ನಡೆಯುವುದಿಲ್ಲ. ಸ್ವಾಯತ್ತ ಕಾಲೇಜಾದರೆ ಪದವಿ ವಿಟಿಯುದೇ, ಆದರೆ ಸಿಲಬಸ್, ಪರೀಕ್ಷೆ ಕಾಲೇಜಿನದು. ವಿಷಯ ತಾಳೆಯಾಗದಿದ್ದರೆ ಕೂತು ಸರಿದೂಗಿಸಬೇಕು. ನಾನು ಮೊದಲ ವರ್ಷದ ಸಿಲಬಸ್ ಪ್ರತಿಯನ್ನು ಫೈಲಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದೆ. ನಮ್ಮ ಬ್ರಾಂಚಿನಲ್ಲಿ ಸೀಟು ಖಾಲಿ ಇಲ್ಲ ಅಂತ ಎರಡು ಕಡೆ ವಾಪಸ್ ಕಳಿಸಿದರು. ಒಂದು ಕಡೆ ಖಾಲಿ ಇದೆ ಅಂದು, ಡೊನೇಷನ್ ಎಷ್ಟು ಕೊಡ್ತೀರಿ ಅಂದರು. ಎದ್ದು ಬಂದೆವು.

ಜಾಸ್ತಿ ನೋವು ಕೊಟ್ಟದ್ದು ಎನ್‌ಒಸಿ, ಅಂದರೆ ಹಳೇ ಕಾಲೇಜಿನ ಒಪ್ಪಿಗೆ ಪತ್ರ. ಹಳೇ ಕಾಲೇಜು ಉಳಿದ ಮೂರು ವರ್ಷದ ಫೀ ಕಟ್ಟಿ, ಆಮೇಲೆ ಮಾರ್ಕ್ಸ್ ಕಾರ್ಡ್ ಕೊಡ್ತೇವೆ ಅಂತು. ಮೂರು ಲಕ್ಷದ ಹತ್ತಿರ! ಅಪ್ಪ ಕೈಬಿಡೋಣ ಅಂದರು. ಮೂಲ ದಾಖಲೆ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ ಎಐಸಿಟಿಇ (ತಾಂತ್ರಿಕ ಕಾಲೇಜುಗಳನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ನಿಯಮವೇ ಇದೆ. ಆ ಪುಟ ಪ್ರಿಂಟ್ ತೆಗೆದು, ಒಂದು ಪತ್ರ ಲಗತ್ತಿಸಿ, ಇನ್‌ವರ್ಡ್ ಸೀಲ್ ಹಾಕಿಸಿಕೊಂಡೆ. ಪತ್ರದಲ್ಲಿ ಒಂದು ಸಾಲು ಇತ್ತು, ಅದು ನನ್ನ ಹತ್ತಿರವೇ ಇರಲಿ. ಎರಡು ವಾರದಲ್ಲಿ ದಾಖಲೆ, ಎನ್‌ಒಸಿ ಎರಡೂ ಬಂದವು. ಹಾಸ್ಟೆಲ್ ಅಡ್ವಾನ್ಸ್ 15,000 ಮಾತ್ರ ಬರಲಿಲ್ಲ.

ಹೊಸ ಕಡೆ ಮತ್ತೆ ಅಡ್ಮಿಷನ್ ಫೀ, ಯೂನಿವರ್ಸಿಟಿ ಶುಲ್ಕ, ಓಡಾಟ, ಹೋದ ಅಡ್ವಾನ್ಸ್, ಆ ಕೌನ್ಸೆಲರ್ ದುಡ್ಡು ಎಲ್ಲ ಸೇರಿ ನಲವತ್ತೈದು ಸಾವಿರ ಆಗಿರಬೇಕು. ಬೆಂಗಳೂರಿನ ಹಾಸ್ಟೆಲ್‌ಗೆ ತಿಂಗಳಿಗೆ 8,000 ಕೊಡುತ್ತಿದ್ದೆ, ಇಲ್ಲಿ ಊಟ ಸೇರಿ ಐದೂವರೆ ಸಾವಿರ. ಎರಡು ವರ್ಷದೊಳಗೆ ಆ ಖರ್ಚು ಉಳಿತಾಯದಲ್ಲೇ ವಾಪಸ್ ಬಂತು.

ಮಾವನ ಮಗಳು ಈಗ ಡೈರಿ ಶುರು ಮಾಡಿದ್ದಾಳೆ. ಅವಳ ಪುಟಗಳು ನನ್ನದಕ್ಕೆ ಪೂರ್ತಿ ಉಲ್ಟಾ. ಬೆಳಿಗ್ಗೆ ಎಂಟಕ್ಕೇ ಎಲ್ಲ ತಲೆಗೆ ಹೋಗುತ್ತದೆ, ಲ್ಯಾಬ್ ಅಂದರೆ ಆಗುವುದಿಲ್ಲ, ದೊಡ್ಡ ಕ್ಲಾಸಿನಲ್ಲಿ ಜಗಳವಾಡಿಕೊಂಡು ಕಲಿಯುವುದೆಂದರೆ ಖುಷಿ. ಅವಳಿಗೆ ನನ್ನ ಕಾಲೇಜು ಬೇಡ ಅಂದಿದ್ದೇನೆ. ಮುಂದಿನ ಬುಧವಾರ ಇಬ್ಬರೂ ಹಾಸನಕ್ಕೆ ಹೊರಟಿದ್ದೇವೆ, ಈ ಸಲ ಬೆಳಗಿನ ಮೊದಲ ಪೀರಿಯಡ್ ನೋಡಲು.